ಕಾರಿಗೆ ಗಾಳಿ ಹೊಕ್ಕದ್ದು

ಮಾರ್ಚ್ ೧, ಶನಿವಾರ

ಬಟ್ಟೆ ಹರವಲು ಹಗ್ಗದಲ್ಲಿ ಜಾಗವಿಲ್ಲ. ಕಾರಿನ ರಬ್ಬರ್ ಪೈಪುಗಳು ಒಣಗುತ್ತಿವೆ. ಹೊಸವಲ್ಲ, ಎಸೆಯಲೆಂದು ಬಿಚ್ಚಿದ ಹಳೆಯವು. ತೊಳೆದು ಹಾಕಿದ್ದಾರೆ. ಎಸೆಯೋದನ್ನ ಯಾಕೆ ತೊಳೆದಿರಿ ಅಂತ ಕೇಳಿದೆ. ಇಷ್ಟು ವರ್ಷ ದುಡಿದಿವೆ, ಅಷ್ಟೂ ಮರ್ಯಾದೆ ಬೇಡವೇ ಅಂದರು ಇವರು. ದಿಂಬಿನ ಚೀಲಗಳನ್ನು ಕುರ್ಚಿಗಳ ಮೇಲೆ ಹರವಿದೆ.

ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ ಮುದ್ರೆ ಒತ್ತುವ ಇನ್‌ಸ್ಪೆಕ್ಟರ್ ಸಾಹೇಬರು ರಜೆ ಹಾಕಿ, ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ವರಾಂಡದಲ್ಲಿ ಕೂತಿದ್ದಾರೆ. ರೇಡಿಯೇಟರ್ ಸೋರುತ್ತಿದ್ದುದು ನಿಜ. ಆದರೆ ಅದೊಂದನ್ನೇ ಬದಲಿಸಿದರೆ ಉಳಿದವಕ್ಕೆ ಬೇಜಾರಾದೀತು ಎಂಬಂತೆ ನೀರಿನ ಪಂಪು, ಪೈಪುಗಳು, ಥರ್ಮೋಸ್ಟಾಟ್ ಎಂಬ ಬುಗುರಿಯಂಥದ್ದು — ಎಲ್ಲ ಹೊಸದು ತಂದಿದ್ದಾರೆ. ಗ್ಯಾರೇಜಿಗೆ ಕೊಡುವುದಿಲ್ಲ. ತಾನೇ ಮಾಡುವುದು. ಹಳೆ ಹಾಸಿಗೆ ಬಟ್ಟೆ ಹಾಸಿ ನಟ್ಟು ಬೋಲ್ಟುಗಳನ್ನು ಸಾಲಾಗಿ ಜೋಡಿಸಿದ್ದಾರೆ, ಯಾರೂ ದಾಟುವಂತಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಅಂಚಿನಲ್ಲಿ ಹೋಗುತ್ತಾರೆ. ಸುಮ್ಮನೆ ಹೋಗುವುದಿಲ್ಲ.

"ಇಷ್ಟೂ ಅದರೊಳಗೇ ಇತ್ತೇನೋ? ವಾಪಸ್ ಹಿಡಿಸುತ್ತಾ?"

ನನ್ನ ಮೇಜಿನ ಮೇಲೆ ಕರಡು ತಿದ್ದಲು ಒಬ್ಬರ ಕವನ ಸಂಕಲನ ಬಿದ್ದಿದೆ. ಪುಟಕ್ಕೊಂದು ಸಲ 'ಮೌನ' ಎಂದಿದ್ದಾರೆ. ಇಲ್ಲಿ ಕೂತು ಬರೆದಿದ್ದರೆ ಆ ಪದ ಅವರಿಗೆ ಹೊಳೆಯುತ್ತಿರಲಿಲ್ಲ.

ಮಾರ್ಚ್ ೯, ಭಾನುವಾರ

ಕಾರು ಒಂದಾಯಿತು. ವಾಷರ್ ಒಂದು ಮಿಕ್ಕಿತು. ಅದನ್ನು ಇವರು ಮೆಲ್ಲಗೆ ಜೇಬಿಗಿಳಿಸಿದ್ದು ನನಗೆ ಕಂಡಿತು. ನಾನು ನೋಡಿದ್ದು ಇವರಿಗೂ ಕಂಡಿತು. ಇಬ್ಬರೂ ಆಕಾಶ ನೋಡಿದೆವು.

ಸಂಜೆ ಮೊದಲ ಸವಾರಿ. ನನಗೆ ಕೊಟ್ಟ ಕೆಲಸ ಮುಳ್ಳು ನೋಡುವುದು. ಟೆಂಪರೇಚರ್ ಮುಳ್ಳು ನಡುವಿನಲ್ಲಿರಬೇಕು, ಅಲ್ಲಾಡಿದರೆ ಹೇಳಬೇಕು. ಸೇತುವೆಯವರೆಗೆ ಒಳ್ಳೆ ಮಗುವಿನ ಹಾಗಿತ್ತು. ಸಿಗ್ನಲ್‌ನಲ್ಲಿ ನಿಂತೆವು.

"ಏಳ್ತಿದೆ."

"ಎಷ್ಟು?"

"ಎದ್ದು ಕೂತಿದೆ."

"ಸರಿಯಾಗಿ ಹೇಳೇ."

"ಕೆಂಪು ಗೆರೆ ಕಡೆ ಕೈ ಚಾಚಿದೆ."

ಎಂ.ಎ. ಮಾಡಿದವಳನ್ನು ಕೂರಿಸಿಕೊಂಡಿದ್ದೇ ತಪ್ಪು ಅಂದರು. ಕಾರನ್ನು ಪಕ್ಕಕ್ಕೆಳೆದು ಬಾನೆಟ್ ಎತ್ತಿದರು. ಹಬೆ. ದಾರಿಹೋಕನೊಬ್ಬ ತಣ್ಣೀರು ಸುರಿಯಿರಿ ಅಂದ. ಇನ್ನೊಬ್ಬ, ಸುರಿದರೆ ಇಂಜಿನ್ ಸೀಳುತ್ತೆ ಅಂದ. ಆಮೇಲೆ ಅವರಿಬ್ಬರೂ ನಮ್ಮನ್ನು ಮರೆತು ತಮ್ಮತಮ್ಮಲ್ಲೇ ಏರುದನಿಗೆ ಹೋದರು. ಇಂಜಿನ್ ಆರಿತು. ಅವರು ಆರಲಿಲ್ಲ. ನಾವು ಹೊರಟು ಬಂದೆವು.

ಮುಳ್ಳು ಸುಳ್ಳು ಹೇಳುತ್ತಿದೆ — ಇವರ ತೀರ್ಪು. ಕೆಲಸಕ್ಕೆ ಸೇರಿದಾಗಿನಿಂದ ಸುಳ್ಳು ಹೇಳುವ ಮುಳ್ಳುಗಳನ್ನೇ ಹಿಡಿದವರು. ಹಬೆಯೂ ಸುಳ್ಳೇ ಅಂತ ಕೇಳಬೇಕೆಂದಿದ್ದೆ.

ಮಾರ್ಚ್ ೧೧, ಮಂಗಳವಾರ

ಚಿಕ್ಕತ್ತೆಯ ಫೋನು.

ಅತ್ತೆಯ ತಂಗಿ. ವರ್ಷಗಟ್ಟಲೆ ಇಬ್ಬರಿಗೂ ಮಾತಿಲ್ಲ. ಯಾಕೆಂದು ಇವರಿಗೂ ಗೊತ್ತಿಲ್ಲ. ಯಾವುದೋ ಮದುವೆಮನೆಯಿಂದ ಬಂದ ಮೇಲೆ ಅತ್ತೆ ಆ ಹೆಸರೆತ್ತುವುದನ್ನು ಬಿಟ್ಟರು, ಅಷ್ಟೇ. ಇವತ್ತು ಇವರ ಮೊಬೈಲಿಗೆ ಮಾಡಿದ್ದಾರೆ. ಗಂಟಲೊಳಗೆ ಗಂಟು ಬೆಳೆದಿದೆ. ಸೋಮವಾರ ಆಪರೇಷನ್. ಜೀವಕ್ಕೇನೂ ಭಯವಿಲ್ಲವಂತೆ. ಆದರೆ ಆಮೇಲೆ ಬಹಳ ದಿನ ಮಾತಾಡುವಂತಿಲ್ಲ, ಧ್ವನಿ ವಾಪಸ್ ಬಂದರೂ ಎಂಥದ್ದು ಬರುತ್ತದೋ ಡಾಕ್ಟರು ಹೇಳಲಾರರು. ಹಾಗಾಗಿ ಅದಕ್ಕೆ ಮುಂಚೆ ಅಕ್ಕನ ಹತ್ತಿರ ಮಾತಾಡಬೇಕು. ಫೋನಿನಲ್ಲಿ ಬೇಡ, ಎದುರೆದುರು. ತಾನೇ ಬರುವಂತಿಲ್ಲ, ವಾರವಿಡೀ ಪರೀಕ್ಷೆಗಳು. ಭಾನುವಾರ ಕರೆದುಕೊಂಡು ಬಾ.

ಇವರು ಹೇಳಿದಾಗ ಅತ್ತೆ ಬೀನ್ಸ್ ಮುರಿಯುತ್ತಿದ್ದರು. ಮುರಿಯುತ್ತಲೇ ಇದ್ದರು.

"ಇಷ್ಟು ವರ್ಷ ಗಂಟಲು ಚೆನ್ನಾಗೇ ಇತ್ತಲ್ಲ ಅವಳಿಗೆ."

"ಅಮ್ಮ, ಆಪರೇಷನ್ ಅಮ್ಮ."

ಬಸ್ಸಿನಲ್ಲಿ ವಾಂತಿಯಾಗುತ್ತದೆ ಅಂದರು. ಬಾಡಿಗೆ ಕಾರಿನವರು ತಿರುವುಗಳಲ್ಲಿ ಹಿಂದೆ ಜನ ಇದ್ದಾರೆಂಬುದನ್ನೇ ಮರೆಯುತ್ತಾರೆ ಅಂದರು. ಆಮೇಲೆ ಕಿಟಕಿಯಾಚೆ, ಬಾಯಿ ತೆರೆದುಕೊಂಡು ನಿಂತಿದ್ದ ನಮ್ಮ ಕಾರನ್ನು ಒಂದು ಸಲ ನೋಡಿ, "ನನ್ನ ಮಗನ ಕಾರಲ್ಲಾದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ" ಅಂದರು.

ಇವರ ಎದೆ ಉಬ್ಬಿತು. ಅಮ್ಮನಿಗೆ ತನ್ನ ಕೈಕೆಲಸದ ಮೇಲೆ ಎಷ್ಟು ನಂಬಿಕೆ ಅಂತ ಮತ್ತೆ ಮತ್ತೆ ಹೇಳುತ್ತಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಇವರಿಗೆ ಹೇಗೆ ಹೇಳುವುದು?

ಮಾರ್ಚ್ ೧೨, ಬುಧವಾರ

ಟೆಂಪರೇಚರ್ ಸೆನ್ಸರ್ ಹೊಸದು ಹಾಕಿದರು. ಹೊಸ ಸಾಕ್ಷಿಯೂ ಅದನ್ನೇ ಹೇಳಿತು.

ಫ್ಯಾನ್ ತಿರುಗುತ್ತದೆಯೇ? ತಿರುಗುತ್ತದೆ. ನನ್ನ ತಲೆಗೂದಲೆಲ್ಲ ಕೆದರುವಷ್ಟು.

ಮಧ್ಯಾಹ್ನ ಅಡುಗೆಮನೆಗೆ ಹೋದರೆ ಹಾಲಿನ ಪಾತ್ರೆಯಲ್ಲಿ ಏನೋ ಕುದಿಯುತ್ತಿದೆ. ಆ ಥರ್ಮೋಸ್ಟಾಟ್. ಕಾರಿನಿಂದ ಮತ್ತೆ ಬಿಚ್ಚಿ ತಂದು, ದಾರ ಕಟ್ಟಿ ಇಳಿಬಿಟ್ಟಿದ್ದಾರೆ. ನೀರು ಕಾದಾಗ ಅದು ಬಾಯಿ ತೆರೆಯಬೇಕು, ಆಗಲೇ ರೇಡಿಯೇಟರಿಗೆ ನೀರು ಹರಿಯುವುದು. ತೆರೆಯದಿದ್ದರೆ ಅದೇ ಕಳ್ಳ. ಇವರು ದಾರ ಹಿಡಿದು ನಿಂತಿದ್ದಾರೆ, ಪಕ್ಕದಲ್ಲಿ ಅತ್ತೆ ಸೌಟು ಹಿಡಿದು. ಬೈಯಲು ಬಂದವಳು ನಾನೂ ಬಗ್ಗಿದೆ. ಮೂರು ತಲೆ, ಒಂದು ಪಾತ್ರೆ. ನೀರು ಮರಳಿತು. ಅದು ನಿಧಾನವಾಗಿ, ಆಕಳಿಸಿದ ಹಾಗೆ ಬಾಯಿ ತೆರೆಯಿತು.

"ಅಯ್ಯೋ, ಹಸಿದಿದೆ" ಅಂದರು ಅತ್ತೆ.

ಒಂದು ಗಳಿಗೆ ಮೂವರಿಗೂ ಖುಷಿ. ಆಮೇಲೆ ಇವರ ಮುಖ ಇಳಿಯಿತು. ಅದು ಸರಿಯಿದೆ ಅಂದಮೇಲೆ ತಪ್ಪು ಯಾರದು?

ಪಾತ್ರೆ ಎಸೆದೆ. ತೊಳೆದು ಎಸೆದೆ. ಈ ಮನೆಯ ರೋಗ ನನಗೂ ಅಂಟಿದೆ.

ಮಾರ್ಚ್ ೧೩, ಗುರುವಾರ

ಥರ್ಮೋಸ್ಟಾಟ್ ಮತ್ತೆ ಕಾರಿನೊಳಗೆ. ಮುಳ್ಳು ಮತ್ತೆ ಕೆಂಪಿನ ಹತ್ತಿರ. ಕೊನೆಗೆ ಮರ್ಯಾದೆ ಬದಿಗಿಟ್ಟು ಗ್ಯಾರೇಜಿನವನಿಗೆ ಫೋನ್ ಮಾಡಿದರು. ಅವನ ದನಿಗೆ ನಾವಿಟ್ಟ ಹೆಸರು ತುತ್ತೂರಿ. ಎಲ್ಲೋ ನೆಂಟರ ಮನೆಯಲ್ಲಿದ್ದಾನೆ, ಮುಂದಿನ ವಾರವೇ ಬರುವುದು. ಅಲ್ಲಿಂದಲೇ, ಗಾಡಿ ನೋಡದೆಯೇ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಪೂರ್ತಿ ಇಳಿಸಬೇಕು ಎಂದು ಘೋಷಿಸಿದ.

ಇವರು ಊಟ ಅರ್ಧಕ್ಕೆ ಬಿಟ್ಟರು. ಅತ್ತೆ ಎರಡನೇ ಸಲ ಬಡಿಸಿಕೊಂಡರು.

ಮಾರ್ಚ್ ೧೪, ಶುಕ್ರವಾರ

ಇದು ನನ್ನ ದಿನ. ಬರೆದಿಡಲೇಬೇಕು.

ಇವರು ಆಫೀಸಿನಿಂದ ಬೇಗ ಬಂದರು. ಹೀಟರ್ ಪೂರ್ತಿ ತಿರುಗಿಸಿಟ್ಟರೆ ಇಂಜಿನ್ನಿನ ಬಿಸಿ ಒಂದಿಷ್ಟು ಕಾರಿನೊಳಕ್ಕೆ ಬಂದು ಅಲ್ಲಿ ಕಡಿಮೆಯಾಗುತ್ತದೆ ಎಂದು ಯಾರೋ ವೀಡಿಯೋದಲ್ಲಿ ಹೇಳಿದ್ದಾರೆ. ಸುಡು ಬಿಸಿಲಿನಲ್ಲಿ ಹೀಟರ್. ಹಾಗೇ ಹೊರಟೆವು. ನಾನು ಬೇಯಲು ಸಿದ್ಧಳಾಗಿ ಒದ್ದೆ ಟವೆಲ್ ಹಿಡಿದು ಕೂತಿದ್ದೆ. ಮುಳ್ಳು ಏರಿತು. ಇನ್ನೂ ಏರಿತು. ಆದರೆ ಮುಖಕ್ಕೆ ಬರುತ್ತಿದ್ದ ಗಾಳಿ... ತಣ್ಣಗೆ. ನದಿ ಕಡೆಯಿಂದ ಬಂದ ಹಾಗೆ.

ಕುದಿಯುತ್ತಿರುವವರ ಬಾಯಿಂದ ತಣ್ಣನೆ ಮಾತು ಬಂದರೆ ನನಗೆ ಅನುಮಾನ ಜಾಸ್ತಿ. ಮನೆಯಲ್ಲಿ ಕಲಿತ ಪಾಠ.

"ರೀ, ಒಳಗೆ ಇಷ್ಟು ಕಾದಿದ್ರೆ ಇಲ್ಲಿ ಯಾಕೆ ತಣ್ಣಗಿದೆ?"

ಇವರು ಕಾರು ನಿಲ್ಲಿಸಿದರು. ನನ್ನ ಮುಖ ನೋಡಿದರು. ಕೈ ಮುಂದೆ ಹಿಡಿದು ಗಾಳಿ ನೋಡಿದರು. ಮತ್ತೆ ನನ್ನ ಮುಖ. ಮದುವೆಗೆ ನೋಡಲು ಬಂದಾಗಲೂ ಹೀಗೆ ನೋಡಿರಲಿಲ್ಲ.

ಮನೆಗೆ ಬಂದ ತಕ್ಷಣ ತುತ್ತೂರಿಗೆ ಫೋನು, ಸ್ಪೀಕರ್ ಹಾಕಿ. ಹಾಕುವ ಅಗತ್ಯವೇ ಇರಲಿಲ್ಲ. ಗ್ಯಾಸ್ಕೆಟ್ಟಿನ ಮಾತನ್ನು ಅವನು ನಾಚಿಕೆಯಿಲ್ಲದೆ ನುಂಗಿಕೊಂಡ.

"ಹಾಗಾದ್ರೆ ಒಳಗೆ ಗಾಳಿ ಹೊಕ್ಕಿದೆ ಸಾರ್. ಹೊಕ್ಕೊಂಡು ಮೂಲೇಲಿ ಕೂತಿದೆ. ಅದನ್ನ ಬಿಡಿಸೋವರೆಗೂ ಮನೆಯವರನ್ನ ಗಾಡಿ ಹತ್ತಿಸ್ಬೇಡಿ."

ಅಂದರೆ ಇಷ್ಟೇ: ಹೊಸ ಪೈಪು, ಹೊಸ ಪಂಪು ಹಾಕಿ ನೀರು ತುಂಬಿಸುವಾಗ ನಡುವೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿದೆ. ನೀರು ಅದನ್ನು ದಾಟಿ ಹೋಗಲಾರದು. ಸುತ್ತಬೇಕಾದ್ದು ಸುತ್ತುವುದಿಲ್ಲ. ಎಲ್ಲ ಹೊಸದು, ಎಲ್ಲ ಸರಿ. ಅಡ್ಡ ಕೂತದ್ದು ಬರೀ ಖಾಲಿ. ಬುಧವಾರ ಥರ್ಮೋಸ್ಟಾಟನ್ನು ಬಿಚ್ಚಿ ಹಾಕಿದಾಗ ಇನ್ನಷ್ಟು ಸೇರಿಸಿದ್ದೇವೆ.

ಇವರು ನನ್ನ ಬೆನ್ನು ತಟ್ಟಿದರು. ಗ್ರೀಸ್ ಕೈ. ಹಸಿರು ಕುಪ್ಪಸ ಹೋಯಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ.

ಮಾರ್ಚ್ ೧೫, ಶನಿವಾರ, ಬೆಳಿಗ್ಗೆ

ಅತ್ತೆ ಬರುವುದಿಲ್ಲವಂತೆ. ಗಾಳಿ ಹೊಕ್ಕ ಕಾರಿನಲ್ಲಿ ಕೂರುವುದಿಲ್ಲವಂತೆ.

ಇವರು ಕಾಗದದ ಮೇಲೆ ರೇಡಿಯೇಟರ್ ಬರೆದು, ಬಾಣದ ಗುರುತು ಹಾಕಿ, ಗುಳ್ಳೆ ತೋರಿಸಿ ವಿವರಿಸಿದರು. ಅತ್ತೆ ಎಲ್ಲ ಕೇಳಿಸಿಕೊಂಡರು.

"ಎಲ್ಲಿಂದ ಹೊಕ್ಕಿತು?"

"ಪೈಪ್ ಬಿಚ್ಚಿದಾಗ ಅಮ್ಮ."

"ಯಾರದ್ದು?"

"ಯಾರದ್ದು ಅಂದ್ರೆ?"

"ಯಾರ ಗಾಳಿ ಅಂತ. ನೀನು ಹಳೇ ಸಾಮಾನು ಬಿಚ್ಚಿ ರಾಶಿ ಹಾಕ್ದಾಗ್ಲೇ ಅಂದ್ಕೊಂಡೆ."

ಇವರು ನಿಘಂಟು ತೆರೆಯುವವರ ಹಾಗೆ ನನ್ನ ಕಡೆ ನೋಡಿದರು, ಬೇರೆ ಪದ ಕೊಡು ಎಂದು. ಎಲ್ಲಿಂದ ಕೊಡಲಿ? ನಮ್ಮ ಭಾಷೆಯಲ್ಲಿ ಬೀಸುವುದೂ ಗಾಳಿ, ಮೈಮೇಲೆ ಬರುವುದೂ ಗಾಳಿ, ಊರೆಲ್ಲ ಹಬ್ಬುವ ಸುಳ್ಳು ಸುದ್ದಿಯೂ ಗಾಳಿ. 'ವಾಯು' ಅಂದೆ. ಅದಾದರೆ ನನಗೂ ಇದೆ, ಅದಕ್ಕೆ ಬೇರೆ ಮಾತ್ರೆ ಅಂದರು ಅತ್ತೆ.

ಚಿಕ್ಕತ್ತೆ ಫೋನ್ ಮಾಡಿ ಎಷ್ಟು ಹೊತ್ತಿಗೆ ಹೊರಡುತ್ತೀರಿ ಅಂದರಂತೆ. ಇವರು ಬೆಳಿಗ್ಗೆಯೇ ಅಂದುಬಿಟ್ಟಿದ್ದಾರೆ. ಧ್ವನಿ ಈಗಲೇ ಅರ್ಧ ಹೋಗಿದೆಯಂತೆ. ನಾಳೆ ಒಂದು ದಿನ ಉಳಿದಿದೆ. ಅತ್ತೆ ಕೋಣೆಯಲ್ಲಿ ಮಲಗಿಬಿಟ್ಟರೆ ಕಾರು ಸರಿಯಾಗಿ ಏನು ಪ್ರಯೋಜನ?

ಅದೇ ದಿನ, ಸಂಜೆ

ಗಾಳಿ ಬಿಡಿಸಿದೆವು. ಎರಡೂ ಕಡೆಯದ್ದು ಅಂತ ಬರೆಯಬಹುದೋ ಏನೋ. ನಿಧಾನವಾಗಿ ಬರೆಯುತ್ತೇನೆ.

ಮನೆ ಹಿಂದಿನ ರಸ್ತೆ ನೀರಿನ ಟ್ಯಾಂಕಿನ ಕಡೆಗೆ ಏರುತ್ತದೆ. ಅಲ್ಲಿ ಕಾರಿನ ಮೂತಿ ಮೇಲಕ್ಕಾಗಿ ನಿಲ್ಲಿಸಬೇಕು, ಆಗ ಗಾಳಿ ಮೇಲಿನ ಬಾಯಿಗೆ ಬರುತ್ತದೆ. ರೇಡಿಯೇಟರಿನ ಮುಚ್ಚಳ ತಣ್ಣಗಿರುವಾಗಲೇ ತೆಗೆಯುವುದು. ಇಂಜಿನ್ ಚಾಲೂ. ಹೀಟರ್ ಪೂರ್ತಿ. ನಾನು ಒಳಗೆ, ಕಾಲು ಬ್ರೇಕಿನ ಮೇಲೆ, ಹೇಳಿದಾಗ ಇನ್ನೊಂದು ಕಾಲಲ್ಲಿ ಎಕ್ಸಲರೇಟರ್ ಮೆಲ್ಲಗೆ. ಇವರು ಮುಂದೆ, ಪೈಪುಗಳನ್ನು ಹಿಸುಕುತ್ತ, ಗುಳ್ಳೆ ಬಂದಂತೆಲ್ಲ ಕೂಲೆಂಟ್ ಬೆರೆಸಿದ ನೀರು ಸುರಿಯುತ್ತ. ಬಾನೆಟ್ ಎತ್ತಿದ್ದರಿಂದ ಮುಖ ಕಾಣುವುದಿಲ್ಲ, ದನಿ ಮಾತ್ರ. ಹೀಟರಿನಿಂದ ಬಿಸಿಗಾಳಿ ಬಂದರೆ ನೀರು ಸುತ್ತಲು ಶುರುವಾಯಿತೆಂದು ಅರ್ಥ, ಕೂಗಿ ಹೇಳಬೇಕು.

ಶುರುಮಾಡಿದ್ದೆವಷ್ಟೇ. ಹಿಂದಿನ ಬಾಗಿಲು ತೆರೆದುಕೊಂಡಿತು. ಅತ್ತೆ ಹತ್ತಿ ಕೂತರು. ದಿಂಬು ಸಮೇತ.

"ಮನೇಲಿ ಒಬ್ಬಳೇ ಏನು ಮಾಡ್ಲಿ. ಕಾಲು ನೋವು. ಇಲ್ಲಿ ತಂಪಾಗಿದೆ."

ಕನ್ನಡಿಯಲ್ಲಿ ನೋಡಿದೆ. ದಿಂಬನ್ನು ಸೊಂಟದ ಹಿಂದೆ ಸರಿಮಾಡಿಕೊಂಡು ಹಾಯಾಗಿ ಕೂತಿದ್ದಾರೆ. ಬೆಳಿಗ್ಗೆ ಯಾರ ಗಾಳಿ ಅಂದವರು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿತು. ಅವರಿಗೂ ಆಗ ನೆನಪಾಯಿತು.

"ಅತ್ತೆ, ನಿಮಗೆ ಭಯ ಇಲ್ವಲ್ಲ."

"ಯಾವ ಗಾಳಿ ಅಂತ ನನಗೆ ಗೊತ್ತಾಗಲ್ವೇನೇ? ನಾನೇನು ಪೆದ್ದಿಯಾ?"

ಮುಂದಿನಿಂದ ಇವರು: "ಬಿಸಿ ಬಂತಾ?"

"ಇಲ್ಲ" ಅಂದೆ. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಕಾಲು ಮರಗಟ್ಟುತ್ತಿತ್ತು, ಅಲ್ಲಾಡಿಸುವಂತಿಲ್ಲ. ಹಿಂದೆ ಕೂತವರ ಮುಖ ನೋಡದೆ ಇರುವುದೇ ಒಳ್ಳೆಯದಾಯಿತೇನೋ, ಅವರಾಗಿಯೇ ಶುರುಮಾಡಿದರು.

ಮಾವ ಹೋದಮೇಲೆ ಅತ್ತೆ ನಮ್ಮಲ್ಲಿಗೆ ಬಂದರಲ್ಲ, ಅದಾದ ಮೇಲಿನ ಮೊದಲ ಮದುವೆ ಅದು. ಊಟದ ಸಾಲಿನಲ್ಲಿ ಯಾರೋ ಅತ್ತೆಯನ್ನು ತೋರಿಸಿ, ಇವರು ಯಾರು ಅಂತ ಕೇಳಿದರಂತೆ. ಚಿಕ್ಕತ್ತೆ ಹೇಳಿದರಂತೆ, ನಮ್ಮಕ್ಕ, ಪಾಪ, ಈಗ ಮಗನ ಮನೇಲಿದ್ದಾಳೆ.

"ಪಾಪ ಅಂದ್ಲು. ನನ್ನ. ಅಷ್ಟು ಜನದ ಮುಂದೆ."

"ಗುಳ್ಳೆ ಬರ್ತಿದೆ, ಬಿಸಿ ಬಂತಾ?"

"ಇಲ್ಲ!"

ನನಗೆ ಮೊದಲು ಬಂದದ್ದು ನಗು. ಆಮೇಲೆ ಸಿಟ್ಟು — ನಮ್ಮ ಮನೆಯಲ್ಲಿರುವುದು ಪಾಪವೇ? ಆಮೇಲೆ ಎರಡೂ ಇಳಿದವು. ಅಷ್ಟು ಚಿಕ್ಕ ಪದ. ಮಾಡಿದವರಿಗೂ ಅದೇ, ಅನುಭವಿಸಿದವರಿಗೂ ಅದೇ. ತಂಗಿಯನ್ನು ಎತ್ತಿ ಬೆಳೆಸಿದವರು ಅತ್ತೆ. ಅವಳನ್ನು ನೋಡಿ 'ಪಾಪ' ಅನ್ನುವ ಹಕ್ಕು ಆವರೆಗೆ ಅತ್ತೆಯ ಹತ್ತಿರ ಇತ್ತು. ಅದನ್ನು ಅಲ್ಲಿ, ಎಲೆ ಮುಂದೆ, ಅವಳು ಕಿತ್ತುಕೊಂಡಳು.

ಚಿಕ್ಕತ್ತೆಗೆ ಅದು ನೆನಪೂ ಇರಲಿಕ್ಕಿಲ್ಲ ಅಂದೆ.

"ಇಲ್ಲ ಅಂತ ಗೊತ್ತು. ಅದಲ್ಲ." ದಿಂಬನ್ನು ಮಡಿಲಿಗೆಳೆದುಕೊಂಡು, "ಈಗ ಅವಳನ್ನ ನೋಡ್ತೀನಿ. ಗಂಟಲಿಗೆ ಬಟ್ಟೆ ಸುತ್ಕೊಂಡು ಬಂದು ನಿಲ್ತಾಳೆ. ಆಗ ನನ್ನ ಬಾಯಿಂದ ಅದೇ ಬಂದ್ಬಿಟ್ರೆ?"

ಓದಿದ ಕವಿತೆ ಒಂದೂ ಸಹಾಯಕ್ಕೆ ಬರಲಿಲ್ಲ. ಏನೋ ಬುಳಬುಳ ಅಂದಿತು, ಬಾನೆಟ್ಟಿನ ಹಿಂದೆ ಇವರು ಯಾರಿಗೋ ಶಹಬ್ಬಾಸ್ ಅಂದರು, ಮುಖಕ್ಕೆ ರಪ್ಪೆಂದು ಬಿಸಿಗಾಳಿ ಬಡಿಯಿತು. ಬೇಸಿಗೆ ರಸ್ತೆಯ ಧೂಳು, ರಬ್ಬರು, ಕೂಲೆಂಟಿನ ಸಿಹಿ ವಾಸನೆ. ಕಣ್ಣಲ್ಲಿ ನೀರು ಬಂತು. ಹಿಂದೆ ಅತ್ತೆಯೂ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು. ಹೀಟರಿಗೋ ಬೇರೆಯದಕ್ಕೋ, ವಿಚಾರಿಸಲಿಲ್ಲ.

"ಬಂತಾ?"

"ಬಂತು" ಅಂದರು ಅತ್ತೆ, ನನಗಿಂತ ಮೊದಲು.

ಮುಳ್ಳು ಇಳಿದು ನಡುವೆ ನಿಂತಿತು. ಮತ್ತೆ ಏಳಲಿಲ್ಲ. ಇವರು ಮುಚ್ಚಳ ಹಾಕಿ, ಬಾನೆಟ್ ಇಳಿಸಿ, ಬೆವರಿನಲ್ಲಿ ತೊಯ್ದು ಕೂತಿದ್ದ ನಮ್ಮಿಬ್ಬರನ್ನೂ ಗಾಜಿನಾಚೆಯಿಂದ ನೋಡಿ, ಇಷ್ಟೊಂದು ಖುಷಿಪಡುವಂಥದ್ದೇನೂ ಅಲ್ಲ ಎಂಬಂತೆ ನಾಚಿಕೊಂಡರು.

ಅತ್ತೆ ನಾಳೆ ಬರುತ್ತೇನೆ ಅಂದಿಲ್ಲ. ಬರುವುದಿಲ್ಲ ಅಂತಲೂ ಅಂದಿಲ್ಲ. ನೀಲಿ ಸೀರೆ ಇಸ್ತ್ರಿ ಮಾಡುತ್ತಿದ್ದಾರೆ.

ಮಾರ್ಚ್ ೧೬, ಭಾನುವಾರ. ಚಿಕ್ಕತ್ತೆಯ ಮನೆ ಮುಂದೆ, ಕಾರಿನಲ್ಲಿ

ಬಂದೆವು. ಇಡೀ ಗುಡ್ಡದ ದಾರಿ ಹತ್ತಿದರೂ ಮುಳ್ಳು ಅಲ್ಲಾಡಲಿಲ್ಲ. ತಿರುವಿಗೊಂದು ಸಲ ಇವರು "ಎಷ್ಟಿದೆ?" ಅನ್ನುವುದು, ನಾನು "ನಡುವೆ" ಅನ್ನುವುದು. ಬೇಕಿರಲಿಲ್ಲ, ಇವರಿಗೇ ಕಾಣುತ್ತಿತ್ತು. ಆ ಪದವನ್ನು ಬೇರೆಯವರ ಬಾಯಿಂದ ಕೇಳುವ ಆಸೆ.

ಇವರು ಇಳಿದು ಒಳಗೆ ಹೋದರು. ಅತ್ತೆ ಇಳಿದಿಲ್ಲ.

"ಇಂಜಿನ್ ಆರಲಿ" ಅಂದರು.

ಮುಳ್ಳು ಸರಿಯಾಗಿಯೇ ಇದೆ ಅಂದೆ.

"ಇರಲಿ. ಒಂದು ಸಲ ಆರಲಿ."

ಅದಾಗಿ ಬಹಳ ಹೊತ್ತಾಯಿತು. ನಾನೇನು ಮಾಡಲಿ, ಚೀಲದಿಂದ ಇದನ್ನು ತೆಗೆದು ಬರೆಯುತ್ತಿದ್ದೇನೆ. ಹಿಂದೆ ಅತ್ತೆ ಬಾಯೊಳಗೇ ಏನೋ ಹೇಳಿ ನೋಡಿಕೊಳ್ಳುತ್ತಿದ್ದಾರೆ, ಪಾಠ ಒಪ್ಪಿಸುವ ಮುಂಚೆ ಹುಡುಗಿಯರು ಮಾಡುವ ಹಾಗೆ. ಹೇಗಿದ್ದೀಯ... ಇಲ್ಲ. ಏನಂತೆ ಡಾಕ್ಟರು... ಅದೂ ಬೇಡ. ಪಕ್ಕದ ಮನೆಯ ಬೆಕ್ಕು ಬಾನೆಟ್ ಹತ್ತಿ, ಬಿಸಿ ತಡೆಯದೆ ಇಳಿದು ಹೋಯಿತು.

ಇವರು ಬಾಗಿಲಿಗೆ ಬಂದು, ಏನು ಅಂತ ಕೈಯಲ್ಲೇ ಕೇಳಿದರು. ನಾನೂ ಕೈಯಲ್ಲೇ, ಇರಿ ಅಂದೆ.

ಈಗ ಇವರ ಹಿಂದೆ ಚಿಕ್ಕತ್ತೆ. ಎಷ್ಟು ಸಣ್ಣಗಾಗಿದ್ದಾರೆ. ಗಂಟಲಿಗೆ ಬಟ್ಟೆಯಿಲ್ಲ, ಬರೀ ಕತ್ತು. ಮೆಟ್ಟಿಲು ಇಳಿಯುತ್ತಿದ್ದಾರೆ. ಹಿಂದಿನ ಗೊಣಗಾಟ ನಿಂತಿದೆ. ಕನ್ನಡಿ ನೋಡುವ ಧೈರ್ಯ ನನಗಿಲ್ಲ.

ಅತ್ತೆಯ ಕಡೆಯ ಬಾಗಿಲಿಗೇ ಬಂದರು. ತೆರೆದರು. ಇಳಿಯಲು ಕೈ ಚಾಚುತ್ತಾರೆ ಅಂದುಕೊಂಡೆ. ಚಾಚಲಿಲ್ಲ. ಬಗ್ಗಿ, ಹರಿದ ಕಾಗದದಂಥ ದನಿಯಲ್ಲಿ —

"ಅಕ್ಕ, ಆ ಕಡೆ ಸರಿ."

ಅತ್ತೆ ಸರಿದರು. ಚಿಕ್ಕತ್ತೆ ಹತ್ತಿ ಕೂತು ಬಾಗಿಲೆಳೆದುಕೊಂಡರು. ಸೀಟು ಕಿರ್ರೆಂದಿತು. ಇಬ್ಬರೂ ಎದುರಿಗೆ ನೋಡುತ್ತಿದ್ದಾರೆ, ಅಂದರೆ ನನ್ನ ಬೆನ್ನನ್ನು. ಅತ್ತೆ ಕೆಮ್ಮಿದರು, ಗಂಟಲು ಸರಿಮಾಡಿಕೊಂಡರು. "ನೀನು ಏನೂ ಹೇಳ್ಬೇಡ. ಮೊದ್ಲು ನಾನು—" ಅಂದರು. ನಾನಿನ್ನು ಇಲ್ಲಿ ಕೂತು ಬರೆಯುವುದು ಸರಿಯಲ್ಲ, ಇಳಿದು—